ಕರಡಿಗೆಯೊಳಗಿನ ವಿಭೂತಿ

ನಮ್ಮ ಅಕ್ಕ ಶಿವಗಂಗಾಬಾಯಿಯಂಥ ಪುಕ್ಕಲಿ ನಮ್ಮ ಇಡೀ ಮುರುಮ ಊರಿನಲ್ಲಿ ಇನ್ನೊಬ್ಬಳಿಲ್ಲ. ಹಲ್ಲಿ ಲೊಚಗುಟ್ಟಿದರೂ ಹೆದರುತ್ತಿದ್ದಳು, ಗುಡುಗಿದರಂತೂ ಹಾಸಿಗೆಯೊಳಗೆ ಮುದುಡಿಕೊಳ್ಳುತ್ತಿದ್ದಳು. ಎಲ್ಲ ಭಯಕ್ಕೂ ಅವಳ ಹತ್ತಿರ ಇದ್ದದ್ದು ಒಂದೇ ಮದ್ದು, ವಿಭೂತಿ. ಉದಗೀರದ ಬಸ್ಸಿನ ಡ್ರೈವರನನ್ನೂ ತಡೆದು ಹಣೆಗೆ ಬಳಿದವಳು. ನನ್ನ ಕಾಳಿನ ಅಂಗಡಿಯ ತಕ್ಕಡಿಯನ್ನೂ ಬಿಟ್ಟವಳಲ್ಲ. ಬೈದು ಬೈದು ನಾನೇ ಸೋತೆ.

ಇಂಥವಳ ಮಗಳು ಸುಗಂಧಾ ಆಕಾಶಕ್ಕೆ ಹೊರಟಳು. ಆಕಾಶದಾಚೆಯಿಂದ ಬಂದ ಧೂಳಿನ ಮುಸುಕು ಭೂಮಿಯನ್ನೇ ಸುತ್ತಿಕೊಂಡು ಮಳೆ ನಿಲ್ಲಿಸಿಬಿಟ್ಟಿತ್ತು. ಬರಗಾಲ ನಮ್ಮಲ್ಲಷ್ಟೇ ಅಲ್ಲ, ಎಲ್ಲ ದೇಶಗಳಲ್ಲೂ. ಬಹುದೂರದಲ್ಲಿ ಆ ಧೂಳು ಹುಟ್ಟುವ ಜಾಗವನ್ನೇ ಒಡೆಯಲು ಹೊರಟ ನೌಕೆಯಲ್ಲಿ ಸುಗಂಧಾ ಸೇರಿ ನಾಲ್ವರಿದ್ದರು. ಅರ್ಧ ದಾರಿಯಿಂದ ತಿರುಗಿದರೆ ಮನೆ ಸೇರಬಹುದು. ಮುಂದೆ ಹೋದರೆ ಮರಳಲು ಇಂಧನವಿಲ್ಲ. ಅದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಕೊರಳಿನ ಲಿಂಗ ಮಾತ್ರ ತೆಗೆಯುವುದಿಲ್ಲ ಎಂದು ಸುಗಂಧಾ ಹಟ ಹಿಡಿದಳು, ಅಧಿಕಾರಿಗಳು ಒಪ್ಪಿದರು. ಲಿಂಗವಿಡುವ ಬೆಳ್ಳಿ ಕರಡಿಗೆಯೊಳಗೆ ಅಕ್ಕ ಯಾರಿಗೂ ಕಾಣದಂತೆ ವಿಭೂತಿಯ ತುಂಡೊಂದನ್ನು ಸೇರಿಸಿಬಿಟ್ಟಳು.

ನೌಕೆ ಅರ್ಧ ದಾರಿ ಮುಟ್ಟುವ ಹೊತ್ತಿಗೆ ಸುದ್ದಿ ಬಂತು. ಗಾಳಿ ಶುದ್ಧ ಮಾಡುವ ಯಂತ್ರದೊಳಗೆ ಯಾವುದೋ ಬಿಳಿ ಪುಡಿ ಹೊಕ್ಕು ಅದು ಪದೇ ಪದೇ ನಿಲ್ಲುತ್ತಿದೆ, ಪುಡಿಯ ಮೂಲ ಸಿಗದಿದ್ದರೆ ನಾಳೆಯೇ ನೌಕೆಯನ್ನು ತಿರುಗಿಸುತ್ತಾರೆ ಎಂದು. ಅಕ್ಕ ನನ್ನನ್ನು ಒಳಗೆ ಕರೆದು ಎಲ್ಲ ಹೇಳಿದಳು. ಬಾಯಿ ಮುಚ್ಚಿಕೊಂಡರೆ ಮಗಳು ಮನೆಗೆ ಬರುತ್ತಾಳೆ, ಮಳೆ ಬರುವುದಿಲ್ಲ. ಸುಮ್ಮನಿರು ಎಂದು ನಾನು ಕೈಮುಗಿದೆ.

ಅಂದೇ ಸಂಜೆ ಮಗಳೊಡನೆ ಮಾತಾಡುವ ಸರದಿ ಬಂತು. ಪರದೆಯ ಮೇಲೆ ಸುಗಂಧಾಳ ಮುಖ ಬಾಡಿತ್ತು. ಅಕ್ಕ ನನ್ನ ಕೈ ಹಿಂಡಿ ಹಿಡಿದಳು.

“ಸುಗಂಧಾ, ಕರಡಿಗ್ಯಾಗ ವಿಭೂತಿ ಇಟ್ಟಾಕಿ ನಾನೇ ಅದೀನಿ. ಅದೇ ಪುಡಿಯಾಗಿ ಹಾರ್ಯಾದ ನೋಡವ್ವಾ.”

ಮಾತು ಅಲ್ಲಿಗೆ ತಲುಪಿ ಉತ್ತರ ಬರಲು ಬಹಳ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತೂ ಅಕ್ಕ ನನ್ನ ಕೈ ಬಿಡಲಿಲ್ಲ.

“ನನಗ ಗೊತ್ತಿತ್ತವ್ವಾ,” ಎಂದಳು ಸುಗಂಧಾ. “ಗೊತ್ತಿದ್ದೂ ಸುಮ್ಮ ಕೂತಿದ್ದೆ. ನನಗೂ ಮನಿಗಿ ಬರಬೇಕನಸ್ತಿತ್ತು.”

ಕರಡಿಗೆಯನ್ನು ಬಿಗಿಯಾಗಿ ಮುಚ್ಚಿಟ್ಟ ಮೇಲೆ ಯಂತ್ರ ಸರಿಹೋಯಿತು. ನೌಕೆ ಮುಂದೆ ಹೋಯಿತು.

ಮೊನ್ನೆ ಮುರುಮದಲ್ಲಿ ಮಳೆಯಾಯಿತು. ಊರಿಗೆ ಊರೇ ಬೀದಿಗಿಳಿದು ತೊಯ್ಯಿಸಿಕೊಂಡಿತು. ಮನೆಯ ನೆತ್ತಿಯ ಮೇಲೆಯೇ ಗುಡುಗು ಸಿಡಿದಾಗ ನಾನು ಅಕ್ಕನನ್ನು ಹಿಡಿದುಕೊಳ್ಳಲು ಓಡಿದೆ. ಅವಳು ಅಂಗಳದಲ್ಲಿ ನೆಟ್ಟಗೆ ನಿಂತಿದ್ದಳು, ರೆಪ್ಪೆ ಕೂಡ ಅಲುಗಲಿಲ್ಲ. ಅದನ್ನು ಕಂಡು ನನಗೇ ಭಯವಾಯಿತು.