ಒಂಬತ್ತು ಬಸ್ಸಿಗೆ ಆರು ಮೋಟರು

ಬೆಳಗಿನ ಐದೂಕಾಲು. ಎಣ್ಣೆ ಕುಡಿದು ಕಪ್ಪಾದ ನೆಲದ ಮೇಲೆ ರಟ್ಟು ಹಾಸಿಕೊಂಡು, ಹದಿನಾಲ್ಕನೇ ನಂಬರಿನ ಬಸ್ಸಿನಡಿ ಅಂಗಾತ ಮಲಗಿದ್ದಾರೆ, ಡಿಪೋದವರೆಲ್ಲ ಅಕ್ಕ ಎಂದೇ ಕರೆಯುವ ಮೆಕ್ಯಾನಿಕ್. ಹೊರಗೆ ಕಾಣುವುದು ಹಿಮ್ಮಡಿ ಸವೆದ ಎರಡು ಬೂಟು ಮಾತ್ರ. ಕೊನೆಯ ಬೋಲ್ಟು ಬಿಗಿದು, ತೆವಳಿಕೊಂಡು ಈಚೆ ಬಂದು, ಡ್ರೈವರ್ ಕಡೆ ಕೈ ಬೀಸುತ್ತಾರೆ. ಎಂಜಿನ್ ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಏಳುತ್ತದೆ. ಅಕ್ಕ ಕೈ ಒರೆಸಿಕೊಂಡು ಗೋಡೆಗೆ ತೂಗುಹಾಕಿದ ದಿನವರದಿಯಲ್ಲಿ ಬರೆಯುತ್ತಾರೆ: ಓಡುವ ಬಸ್ಸು ಆರು, ನಿಂತ ಬಸ್ಸು ಮೂರು.

ನಾಲ್ಕು ವಾರದ ಹಿಂದಿನವರೆಗೂ ಅಲ್ಲಿ ಪ್ರತಿದಿನ ಒಂಬತ್ತು ಎಂದೇ ಇರುತ್ತಿತ್ತು. ಒಂಬತ್ತು ಆರಾದ ಕಥೆಯೇ ಈ ಮೆಕ್ಯಾನಿಕ್ಕಿನ ಕಥೆ.

ಅಕ್ಕನಿಗೆ ಐವತ್ನಾಲ್ಕು. ಈ ಡಿಪೋಗೆ ಬಂದು ಇಪ್ಪತ್ತಾರು ವರ್ಷ. ಬಂದ ಹೊಸದರಲ್ಲಿ ಗಂಡಸರು ಇವರ ಕೈಗೆ ಪೊರಕೆ ಕೊಟ್ಟಿದ್ದರಂತೆ. ಇವರು ಗುಡಿಸಿ ಮುಗಿಸಿ, ಯಾರೂ ಎಬ್ಬಿಸಲಾಗದೆ ಬಿಟ್ಟಿದ್ದ ಒಂದು ಎಂಜಿನ್ ಬಿಚ್ಚಿ ಕೂತರಂತೆ. ಸಂಜೆಗೆ ಅದು ಓಡಿತು. ಪೊರಕೆ ಮತ್ತೆ ಇವರ ಕೈಗೆ ಬರಲಿಲ್ಲ. ಆಗ ಹದಿನೆಂಟು ಜನರಿದ್ದ ವರ್ಕ್‌ಶಾಪಿನಲ್ಲಿ ಈಗ ನಾಲ್ವರು. ನಿವೃತ್ತರಾದವರ ಜಾಗಕ್ಕೆ ಯಾರೂ ಬಂದಿಲ್ಲ. ಬಸ್ಸು ಹತ್ತುವ ಜನ ಮಾತ್ರ ದಿನಕ್ಕೆ ಎರಡು ಸಾವಿರದಂತೆ ಬರುತ್ತಲೇ ಇದ್ದಾರೆ.

ಎಂಜಿನ್ನನ್ನು ಎಬ್ಬಿಸುವುದು ಸೆಲ್ಫ್ ಮೋಟರು. ವರ್ಷದ ಮಗುವಿನಷ್ಟು ಭಾರ, ಮೂರು ಬೋಲ್ಟು, ಎರಡು ವೈರು. ಈ ಡಿಪೋದಲ್ಲಿ ಬಸ್ಸು ಒಂಬತ್ತು, ಕೆಲಸ ಮಾಡುವ ಮೋಟರು ಆರು. ಉಳಿದ ಮೂರಕ್ಕೆ ಬೇಡಿಕೆಪತ್ರ ಹೋಗಿ ಹನ್ನೊಂದು ತಿಂಗಳಾಯಿತು. ನಗರಸಭೆ ತನ್ನ ಪಾಲು ಕೊಡಲಿ, ಆಮೇಲೆ ನಮ್ಮದು ಎನ್ನುತ್ತದೆ ಸರ್ಕಾರ. ಸರ್ಕಾರ ಕೊಡಲಿ, ಆಮೇಲೆ ನಮ್ಮದು ಎನ್ನುತ್ತದೆ ನಗರಸಭೆ. ಅಲ್ಲಿ ಒಂದು ಪಕ್ಷ, ಇಲ್ಲಿ ಇನ್ನೊಂದು. ಮೂರು ಮೋಟರು ಕೊಂಡರೆ ಎದುರಾಳಿಗೆ ಹೆಸರು ಬಂದುಬಿಡುತ್ತದೆ ಎಂಬ ಹೊಟ್ಟೆಕಿಚ್ಚಿಗೆ ಒಂದು ಊರನ್ನೇ ಬಿಸಿಲಲ್ಲಿ ನಿಲ್ಲಿಸಿದ್ದಾರೆ. ನಿಲ್ಲಿಸಿದವರಲ್ಲಿ ಒಬ್ಬರಾದರೂ ಬಸ್ಸು ಹತ್ತಿ ಎಷ್ಟು ವರ್ಷವಾಗಿದೆಯೋ!

ಬಸ್ಸು ನಿಲ್ಲಬಾರದೆಂದು ಅಕ್ಕ ಒಂದು ಉಪಾಯ ಹೂಡಿದ್ದರು. ಬೆಳಗಿನ ಟ್ರಿಪ್ಪು ಮುಗಿಸಿ ಬಂದ ಬಸ್ಸಿನ ಮೋಟರು ಬಿಚ್ಚುವುದು, ಎದೆಗವುಚಿಕೊಂಡು ಹೋಗಿ ನಿಂತ ಬಸ್ಸಿಗೆ ಕೂರಿಸುವುದು, ಅದನ್ನು ಮಧ್ಯಾಹ್ನಕ್ಕೆ ಕಳಿಸುವುದು. ಒಂದೊಂದಕ್ಕೂ ನಲವತ್ತು ನಿಮಿಷ. ನೆಂಟರ ಮದುವೆಗೆ ಪಕ್ಕದ ಮನೆಯ ಸರ ಹಾಕಿಕೊಂಡು ಹೋದ ಹಾಗಿದೆ ನಮ್ಮ ಬಾಳು ಎಂದು ಡ್ರೈವರುಗಳು ನಗುತ್ತಿದ್ದರು. ದಿನದಲ್ಲಿ ಒಮ್ಮೆ ಗೇಟು ದಾಟಿದರೂ ಆ ಬಸ್ಸು 'ಓಡುವ ಬಸ್ಸು' ಎಂಬುದು ಇಲಾಖೆಯ ನಿಯಮ. ಹಾಗಾಗಿ ಒಂದು ಹೊತ್ತಿಗೆ ಓಡುತ್ತಿದ್ದುದು ಆರೇ ಆದರೂ ವರದಿಯಲ್ಲಿ ಒಂಬತ್ತಕ್ಕೆ ಒಂಬತ್ತು.

ಒಂದು ಮಧ್ಯಾಹ್ನ ಕ್ಯಾಂಟೀನಿನ ಟೀವಿಯಲ್ಲಿ ಸದನದ ಕಲಾಪ ಬರುತ್ತಿತ್ತು. ಬಸ್ಸಿಲ್ಲದೆ ಜನ ಒದ್ದಾಡುತ್ತಿದ್ದಾರೆ ಎಂದ ಸದಸ್ಯರೊಬ್ಬರಿಗೆ ಮಂತ್ರಿಗಳು ಇದೇ ಡಿಪೋದ ಹೆಸರು ಹೇಳಿ ಒಂದು ಹಾಳೆ ಎತ್ತಿ ತೋರಿಸಿದರು. ಒಂಬತ್ತಕ್ಕೆ ಒಂಬತ್ತೂ ಓಡುತ್ತಿವೆ, ಕೊರತೆ ಎಲ್ಲಿದೆ ಸ್ವಾಮಿ ಎಂದರು. ಮೇಜು ಕುಟ್ಟಿದ ಸದ್ದಿಗೆ ಕ್ಯಾಂಟೀನಿನಲ್ಲಿ ಯಾರೂ ತಲೆ ಎತ್ತಲಿಲ್ಲ. ಅಕ್ಕನ ಲೋಟದಲ್ಲಿ ಟೀ ಹಾಗೇ ಆರಿತು.

"ನಾನು ಜನಕ್ಕೆ ಅಂತ ಮಾಡಿದ್ದು," ಎನ್ನುತ್ತಾರೆ ಈಗ. "ಅವರು ಅದನ್ನೇ ಹಿಡ್ಕೊಂಡು ಜನದ ಬಾಯಿ ಮುಚ್ಚಿಸಿದ್ರು. ನನ್ನ ಕೈಲೇ ಬರೆಸ್ಕೊಂಡು."

ಮರುದಿನ ಮೋಟರು ಬದಲಿಸುವುದು ನಿಂತಿತು. ಆರು ಎಂದು ಬರೆದ ವರದಿ ನೋಡಿ ಡಿಪೋ ಮ್ಯಾನೇಜರು ಅಕ್ಕನನ್ನು ಕರೆಸಿದರು. ಏಳಕ್ಕಿಂತ ಕೆಳಗಿಳಿದರೆ ಜನ ಕಡಿಮೆ ಇರುವ ದಾರಿಯನ್ನು ಮೊದಲು ಕತ್ತರಿಸುತ್ತಾರೆ, ಅಂದರೆ ಹದಿನಾಲ್ಕನೇ ನಂಬರು ಎಂದು ನೆನಪಿಸಿದರು. ನೆನಪಿಸಬೇಕಿರಲಿಲ್ಲ. ಆ ದಾರಿಯ ಕಟ್ಟಕಡೆಯ ನಿಲ್ದಾಣದಲ್ಲಿ ಅಕ್ಕನ ಸ್ವಂತ ತಂಗಿ ಇದ್ದಾರೆ. ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ಡಯಾಲಿಸಿಸ್. ಆಸ್ಪತ್ರೆಗೆ ಇರುವುದು ಅದೊಂದೇ ಬಸ್ಸು.

ಅಂದು ಸಂಜೆ ಅಕ್ಕ ತಂಗಿಯ ಮನೆಗೆ ಹೋಗಿ ಎಲ್ಲ ಹೇಳಿದರು. ನೀನು ಹೇಳಿದರೆ ನಾಳೆ ಮತ್ತೆ ಒಂಬತ್ತು ಬರೆಯುತ್ತೇನೆ ಎಂದೂ ಹೇಳಿದರು. ತಂಗಿ ಹಾಸಿಗೆಯಲ್ಲಿ ಮಗ್ಗುಲಾಗಿ ಕೇಳಿದರಂತೆ:

"ಹೋದ ತಿಂಗಳು ನಾನಿದ್ದ ಬಸ್ಸು ನಡುದಾರೀಲಿ ನಿಂತಿತ್ತಲ್ಲಕ್ಕ, ಅದೂ ನಿನ್ನ ಒಂಬತ್ತರಲ್ಲಿ ಇತ್ತಾ?"

"ಇತ್ತು."

"ಹಂಗಾದ್ರೆ ಬೇಡ ಬಿಡು. ಸುಳ್ಳು ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಕ್ಕಾಗಲ್ಲ."

ಮೋಟರು ಕೊಡಲು ಹನ್ನೊಂದು ತಿಂಗಳಲ್ಲಿ ಸಮಯ ಸಿಗದ ಇಲಾಖೆಗೆ ನೋಟಿಸು ಕೊಡಲು ಒಂಬತ್ತೇ ದಿನ ಸಾಕಾಯಿತು. ಓಡುವ ಬಸ್ಸುಗಳ ಸಂಖ್ಯೆ ಒಮ್ಮೆಗೇ ಏಕೆ ಇಳಿಯಿತು, ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂದು ಕೇಳಿದ್ದಾರೆ. ಕದ್ದವರನ್ನು ಬಿಟ್ಟು, ಕಳ್ಳತನ ಆಗಿದೆ ಎಂದು ಕೂಗಿದವರ ಕೊರಳಪಟ್ಟಿ ಹಿಡಿಯುವ ಶೌರ್ಯ ಇದು. ಅಕ್ಕ ಕೊಟ್ಟ ಉತ್ತರ ಎರಡೇ ಸಾಲು: "ಬಸ್ಸುಗಳು ಇಳಿದಿಲ್ಲ. ನಾನು ಸುಳ್ಳು ಬರೆಯುವುದನ್ನು ನಿಲ್ಲಿಸಿದ್ದೇನೆ."

ವಿಚಾರಣೆ ಸೋಮವಾರ. ಹದಿನಾಲ್ಕನೇ ನಂಬರು ಉಳಿಯುವುದೋ ಇಲ್ಲವೋ ಎಂಬುದೂ ಅಂದೇ ತೀರ್ಮಾನ. ಅಲ್ಲಿಯವರೆಗೆ ಇರುವ ಆರರಲ್ಲಿ ಗಟ್ಟಿ ಮೋಟರನ್ನು ಆ ಬಸ್ಸಿಗೇ ಹಾಕಿದ್ದಾರೆ. ತಂಗಿಗಾಗಿ ಪಕ್ಷಪಾತವೇ ಎಂದು ಡ್ರೈವರೊಬ್ಬರು ಛೇಡಿಸಿದರೆ, ಹೌದು, ಅದನ್ನೂ ವರದಿಯಲ್ಲಿ ಬರೀಲಾ ಎನ್ನುತ್ತಾರೆ.

ಸೋಮವಾರ ಸಾಹೇಬರ ಮುಂದೆ ಏನು ಹೇಳುತ್ತೀರಿ ಎಂದರೆ, ಉಗುರಿನ ಸಂದಿಯ ಗ್ರೀಸನ್ನು ಬಟ್ಟೆಯ ತುದಿಯಿಂದ ತೆಗೆಯುತ್ತಾ ಉತ್ತರಿಸುತ್ತಾರೆ.

"ಹೇಳೋದೇನಿದೆ? ಮೂರು ಮೋಟರು ಕೊಡಿ ಅಂತೀನಿ. ಕೆಲಸದಿಂದ ತೆಗೀತೀವಿ ಅಂದ್ರೆ ತೆಗೀಲಿ, ಆದ್ರೆ ಮೋಟರು ಕೊಟ್ಟು ತೆಗೀಲಿ. ನನ್ನ ಜಾಗಕ್ಕೆ ಬರೋರಾದ್ರೂ ಒಂಬತ್ತು ಅಂತ ನಿಜವಾಗ್ಲೂ ಬರೀಬೇಕಲ್ಲ."