ಗುಡಿ, ಗೋರಿ, ಬಾವಿ ಯಾವುದೂ ಇರುವುದಿಲ್ಲ

ವಿಜಯಪುರದ ನೋಂದಣಿ ಕಚೇರಿಯ ಎದುರಿಗೆ, ತಗಡಿನ ನೆರಳಲ್ಲಿ ಒಂದು ಟೇಬಲ್ ಹಾಕಿಕೊಂಡು, ಜನರ ಹೊಲಗಳನ್ನು ಆ ಕೈಯಿಂದ ಈ ಕೈಗೆ ದಾಟಿಸುತ್ತ ಮುದುಕನಾದವನು ನಾನು. ಬಾಂಡ್ ರೈಟರ್ ಅನ್ನುತ್ತಾರೆ. ಖರೀದಿ ಪತ್ರ, ವಾಟಣಿ ಪತ್ರ, ಹಕ್ಕು ಬಿಟ್ಟ ಪತ್ರ, ಮೃತ್ಯುಪತ್ರ, ಹೀಗೆ ಮನುಷ್ಯನು ಮಣ್ಣಿಗಾಗಿ ಬರೆಸಬಹುದಾದದ್ದನ್ನೆಲ್ಲ ಬರೆದಿದ್ದೇನೆ. ಗಾಳಿಗಾಗಿಯೂ ಬರೆಯುವ ಯೋಗ ನನ್ನ ಜಾತಕದಲ್ಲಿದೆಯೆಂದು ಮಾತ್ರ ಯಾರೂ ಹೇಳಿರಲಿಲ್ಲ.

ಟಿಕೋಟಾ, ಬಬಲೇಶ್ವರದ ಕಡೆಗೆ ಮಡ್ಡಿ ಹೊಲಗಳಿವೆ. ಗೇಣುದ್ದ ಮಣ್ಣು, ಅದರ ಕೆಳಗೆ ಪಾತಾಳದವರೆಗೆ ಕಲ್ಲು. ಹೆಣ್ಣು ಕೊಡಲು ಬಂದ ಬೀಗರು "ಕರೀ ಮಣ್ಣಿನ ಎರಿ ಎಷ್ಟೈತಿ ಅದನ್ನ ಹೇಳ್ರಿ, ಮಡ್ಡಿ ಬಿಡ್ರಿ" ಎಂದು ಕೈಯಾಡಿಸಿಬಿಡುತ್ತಿದ್ದ ಆಸ್ತಿ. ಆ ಮಡ್ಡಿಯ ಮೇಲೆ ಬಿಳಿ ಜೀಪುಗಳು ಬಂದವು. ಮೊದಲು ಗಾಳಿ ಅಳೆಯುವ ಕಂಬ, ಆಮೇಲೆ ಕೆಂಪು ಬಣ್ಣ ಬಳಿದ ಗುರುತಿನ ಗೂಟ, ಆಮೇಲೆ ಒಂದೊಂದು ರೆಕ್ಕೆಯನ್ನು ಹೊತ್ತು ಊರಿನ ತಿರುವಿನಲ್ಲಿ ಅರ್ಧ ದಿನ ಸಿಕ್ಕಿಬೀಳುವ ಲಾರಿಗಳು. ಎದ್ದು ನಿಂತ ಗಾಳಿಯಂತ್ರಕ್ಕೆ ನಮ್ಮವರು ಫ್ಯಾನ್ ಎಂದು ಹೆಸರಿಟ್ಟರು. ಫ್ಯಾನು ತಿರುಗಿ ಹುಟ್ಟಿದ ಕರೆಂಟು ಊರಿನ ತಲೆಯ ಮೇಲೆ ತಂತಿಯಲ್ಲಿ ಹಾದು ದೊಡ್ಡ ಊರುಗಳಿಗೆ ಹೋಯಿತು. ಊರಲ್ಲಿ ಕರೆಂಟು ಎಂದಿನಂತೆ ಹೋಗುವಾಗ ಹೋಯಿತು, ಬರುವಾಗ ಬಂತು. ಹೊನವಾಡ, ಜೈನಾಪುರ, ಮಮದಾಪುರದವರು ನನ್ನ ಟೇಬಲ್ಲಿನ ಮುಂದೆ ಪಾಳಿ ಹಚ್ಚಿದರು. ಮಡ್ಡಿ ಇದ್ದವನು ಮುಂದೆ, ಎರಿ ಇದ್ದವನು ಹಿಂದೆ. ಇಂಥ ಸಾಮಾಜಿಕ ಕ್ರಾಂತಿಯನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಲೀಸ್ ಪತ್ರದ ಮುಖ್ಯ ಭಾಗ ಕಂಪನಿಯ ವಕೀಲರಿಂದ ಬರುತ್ತಿತ್ತು. ಹೊಲದ ನಾಲ್ಕು ದಿಕ್ಕಿನ ಗಡಿ, ಮಾಲೀಕರ ವಿವರ ನಾನು ತುಂಬಬೇಕು. ಅದರ ಜೊತೆಗೆ ನನ್ನದೊಂದು ಸ್ವಂತ ಸಾಲಿತ್ತು: "ಸದರಿ ಜಮೀನಿನಲ್ಲಿ ಗುಡಿ, ಗೋರಿ, ಬಾವಿ ಯಾವುದೂ ಇರುವುದಿಲ್ಲ." ನನಗೆ ಕಸುಬು ಕಲಿಸಿದ ಹಿರಿಯರು ಇದನ್ನು ಪ್ರತಿ ಪತ್ರದಲ್ಲೂ ಬರೆಯುತ್ತಿದ್ದರು, ನಾನೂ ಬರೆಯುತ್ತಿದ್ದೆ. ಆ ಸಾಲಿದ್ದರೆ ಪತ್ರಕ್ಕೊಂದು ತೂಕ ಬರುತ್ತದೆ. ಹೊಲದಲ್ಲಿ ಗುಡಿ, ಗೋರಿ, ಬಾವಿ ಇವೆಯೋ ಇಲ್ಲವೋ ಎಂದು ಹೋಗಿ ನೋಡುವುದು ನಮ್ಮ ಪರಂಪರೆಯಲ್ಲಿ ಇರಲಿಲ್ಲ.

ಹೀಗೆ ಒಂದು ದಿನ ನನ್ನ ಸ್ವಂತ ಅಕ್ಕ, ತನ್ನ ಮಗನ ಜೊತೆ ಟಿಕೋಟಾದ ಬಸ್ಸಿಳಿದು ಬಂದಳು. ಅವಳ ಗಂಡನ ಮನೆಯ ಮಡ್ಡಿಗೂ ಫ್ಯಾನಿನ ಯೋಗ ಬಂದಿತ್ತು. ಪತ್ರ ತಯಾರಾಯಿತು. ಬರೆದವನು ಬರೆಸಿದವರಿಗೆ ಪೂರ್ತಿ ಓದಿ ಹೇಳಬೇಕು, ಅವರು ಹೂಂ ಅನ್ನಬೇಕು, ಆಮೇಲೆ ಸಹಿ. ಇದು ಕಾಯಿದೆ. ನಾನು ಕನ್ನಡಕ ಏರಿಸಿಕೊಂಡೆ. ಅಕ್ಕ ನಕ್ಕಳು.

"ಸಾಕ ಬಿಡಲೇ. ತಮ್ಮ ಬರದದ್ದನ್ನ ಅಕ್ಕ ಏನ ಕೇಳೂದು? ಎಲ್ಲಿ ಒತ್ತಬೇಕು ತೋರಸು."

ಹಿಂದೆ ಪಾಳಿ ದೊಡ್ಡದಿತ್ತು. ನಾನು ಜಾಗ ತೋರಿಸಿದೆ, ಅವಳು ಹೆಬ್ಬೆಟ್ಟು ಒತ್ತಿದಳು. ಕೊನೆಯಲ್ಲಿ ಓದಿ ಹೇಳಲಾಗಿದೆ ಎಂದು ಬರೆದು, ಬರೆದವನ ಸಹಿಯನ್ನು ನಾನು ಸಾವಕಾಶವಾಗಿ, ಚೆಂದಾಗಿ ಹಾಕಿದೆ.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಸ್ವಂತ ಹೊಲವಿದ್ದವರು ಹೊಲದಲ್ಲೇ ಕೂರಿಸಿ ಮಣ್ಣು ಕೊಡುತ್ತಾರೆ. ಭಾವ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡಾಗ, ಈ ಮಗ ಇನ್ನೂ ತೊಟ್ಟಿಲಲ್ಲಿದ್ದಾಗ, ಅವರನ್ನು ಆ ಮಡ್ಡಿಯಲ್ಲೇ, ಒಡ್ಡಿನ ಪಕ್ಕದ ಬನ್ನಿಗಿಡದ ಹತ್ತಿರ ಇಟ್ಟಿದ್ದೆವು. ಮೇಲೆ ಗುರುತಿಗೆ ಒಂದು ಕಲ್ಲು. ಅಕ್ಕ ಅಂದಿನಿಂದ ಹೇಳುತ್ತ ಬಂದದ್ದು ಒಂದೇ ಮಾತು: "ಅವರ ಎಡಕ ನನ್ನ ಜಾಗಾ. ಅಲ್ಲಿ ಯಾರೂ ಗಳೇ ಹೂಡಿ ಉಳಬ್ಯಾಡ್ರಿ." ಅವಳು ಬೇರೆ ಏನನ್ನೂ ಯಾರ ಹತ್ತಿರವೂ ಕೇಳಿದವಳಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಸಾಲು ಬರೆಯುವಾಗ ನೆನಪಾಗಲಿಲ್ಲ. ಕೈ ತನ್ನಷ್ಟಕ್ಕೆ ಬರೆಯಿತು.

ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಉಣ್ಣುತ್ತೇವೆ. ಆ ವರ್ಷ ಅಕ್ಕ ನನ್ನನ್ನೂ ಕರೆದಿದ್ದಳು. ಮಗ ಬೆಳಗಿನಿಂದ ತಡವರಿಸುತ್ತಿದ್ದ.

"ಈ ಸಲ ಕೆಳಗಿನ ಹೊಲಕ್ಕ ಹೋಗೂಣು ಬೇ. ಮ್ಯಾಲ ಧೂಳ ಭಾಳ ಐತಿ."

"ಧೂಳಿಗೆ ಹೆದರಿ ನಿಮ್ಮಪ್ಪಗ ಎಡಿ ತಪ್ಪಸ್ಲೇನು? ನಡೀ."

ಮೇಲೆ ಹೋದೆವು. ಫ್ಯಾನು ಎದ್ದು ತಿರುಗುತ್ತಿತ್ತು. ಅದರ ಬುಡದ ಪಕ್ಕದಲ್ಲಿ ಕ್ರೇನ್ ನಿಲ್ಲಿಸಲು ಗರಸಿನ ಕಲ್ಲುಮಣ್ಣು ಹಾಕಿ, ರೋಲರ್ ಹೊಡೆದು ಮಾಡಿದ ದೊಡ್ಡ ಬಯಲು, ಕೇರಂ ಬೋರ್ಡಿನಷ್ಟು ಸಪಾಟು. ಅಕ್ಕ ಬುಟ್ಟಿ ಹೊತ್ತುಕೊಂಡೇ ನಿಂತಳು.

"ಇಲ್ಲೆ ಬನ್ನಿಗಿಡ ಇತ್ತಲ್ಲೋ?"

"ತಗದಾರ ಯವ್ವಾ," ಎಂದ ಮಗ.

"ಒಡ್ಡು?"

"ಅದನ್ನೂ ಸರಿ ಮಾಡ್ಯಾರ."

"ಸರಿ ಮಾಡ್ಯಾರ," ಎಂದಳು ಅಕ್ಕ. "ನಿಮ್ಮಪ್ಪನ್ನೂ ಸರಿ ಮಾಡ್ಯಾರೇನು?"

ಅಲ್ಲಿದ್ದ ಸೂಪರ್‌ವೈಜರ್ ಓಡಿ ಬಂದ. ಗದಗಿನ ಕಡೆಯವನು, ಅವನ ಊರಿನ ಗುಡ್ಡದ ಮೇಲೆ ಫ್ಯಾನು ಹಳೆಯ ಸಂಗತಿ. ಸಂಭಾವಿತ ಮನುಷ್ಯ. ಬೈದರೆ ಬೈಯಿಸಿಕೊಳ್ಳಲು ತಯಾರಾಗಿಯೇ ಬಂದಿದ್ದ. ವಿಷಯ ತಿಳಿದ ಮೇಲೆ ತಲೆಯ ಮೇಲಿನ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅಗದಿಲ್ಲರಿ ಅಮ್ಮಾ, ದೇವರಾಣಿ. ಮ್ಯಾಲ ಗರಸ ಹಾಕಿ ಬಡದೇವಿ ಅಷ್ಟ. ಕಲ್ಲ ಒಂದ ಇತ್ತು, ಹೊಲದಾಗಿನ ಕಲ್ಲ ಅಂದಕೊಂಡ್ವಿ. ಗೊತ್ತಿದ್ದರ ಹತ್ತ ಮಾರು ಅತ್ತಾಗ ಸರಸತಿದ್ವಿ. ಅದೇನು ದೊಡ್ಡ ಕೆಲಸ ಆಗಿರಲಿಲ್ಲ. ಆದರ ಕಾಗದದಾಗ ಹಿಂಗೈತಿ ನೋಡ್ರಿ."

ಮೊಬೈಲಿನಲ್ಲಿ ಪತ್ರ ತೆಗೆದು ನನ್ನ ಸಾಲನ್ನು ಗಟ್ಟಿಯಾಗಿ ಓದಿದ. ಗುಡಿ, ಗೋರಿ, ಬಾವಿ ಯಾವುದೂ ಇರುವುದಿಲ್ಲ. ಅಕ್ಕ ಅದನ್ನು ಕೇಳಿದ್ದು ಅದೇ ಮೊದಲು.

"ಯಾವ ಹಾಟ್ಯಾ ಬರದಾನ ಅದನ್ನ?"

ಸೂಪರ್‌ವೈಜರ್ ಪತ್ರದ ಕೊನೆಗೆ ಬೆರಳು ಸರಿಸತೊಡಗಿದ. ಅಕ್ಕನ ಮಗ ನೆಲ ನೋಡಿದ.

"ನಾನ ಅಕ್ಕಾ," ಎಂದೆ.

ಅವಳು ಬುಟ್ಟಿ ಇಳಿಸಿದಳು.

"ಮೊದಲನೇ ಮುಷ್ಟಿ ಮಣ್ಣ ನೀನ ಹಾಕಿದ್ದೆಲ್ಲೋ."

"ಹೂಂ."

"ನನಗ ಓದಿ ಹೇಳಲಿಲ್ಲ ನೀ."

"ನೀನ ಬ್ಯಾಡಂದಿ."

"ನಾ ಬ್ಯಾಡಂದೆ. ನೀ ಯಾಕ ಬಿಟ್ಟಿ?"

ನ್ಯಾಯಾಲಯದ ಕಟಕಟೆಯಲ್ಲಿ ಎಷ್ಟೋ ಸಲ ಸಾಕ್ಷಿಯಾಗಿ ನಿಂತು, ಪ್ರತಿವಾದಿಯ ವಕೀಲನ ಬೆವರಿಳಿಸಿ ಬಂದವನು ನಾನು. ಅಕ್ಕನ ಮುಂದೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದೆ.

ಅಕ್ಕ ಗರಸಿನ ಮೇಲೆ ನಡೆಯತೊಡಗಿದಳು. ಒಂದು ಕಡೆ ನಿಂತಳು, ತಲೆಯಾಡಿಸಿದಳು. ಇನ್ನೊಂದು ಕಡೆ ನಿಂತಳು. ಮೂರನೆಯ ಕಡೆ ಕೂತು ಅಂಗೈಯಿಂದ ನೆಲ ಒತ್ತಿ ನೋಡಿದಳು. ಒಂದು ವರ್ಷವೂ ತಪ್ಪದೆ ಎಡೆ ಇಟ್ಟ ಜಾಗ ಅವಳಿಗೆ ಸಿಗಲಿಲ್ಲ. ಗಿಡ, ಒಡ್ಡು, ಕಲ್ಲು ಮೂರೂ ಹೋದ ಮೇಲೆ ಎಲ್ಲ ಕಡೆಯೂ ಒಂದೇ ಜಾಗ. ಫ್ಯಾನಿನ ನೆರಳು ಅವಳ ಬೆನ್ನ ಮೇಲೆ ಹಾದು ಹೋಗುತ್ತಿತ್ತು.

ಸೂಪರ್‌ವೈಜರ್ ನನ್ನನ್ನು ಪಕ್ಕಕ್ಕೆ ಕರೆದ. "ಮುಂದ ಅಮ್ಮಗ ಏನರ ಆತಂದ್ರ ಈ ಗರಸಿನೊಳಗ ಅಗ್ಯಾಕ ಬರೂದಿಲ್ಲರಿ. ರಿಪೇರಿಗೆ ಕ್ರೇನ್ ಮತ್ತ ಬರತೈತಿ. ಅಂಚಿನ ಆಚೀಕ ನಿಮ್ಮದ ಹೊಲ. ಅಲ್ಲಿ ನಮ್ಮದೇನೂ ತಕರಾರಿಲ್ಲ."

ಅಷ್ಟರಲ್ಲಿ ಅಕ್ಕ ಎದ್ದು ನನ್ನ ಕಡೆ ತಿರುಗಿದಳು.

"ಅವತ್ತ ನೀನೂ ಇದ್ದಿ. ಎಲ್ಲಿ, ಹೇಳು."

ನನಗೂ ಗೊತ್ತಿರಲಿಲ್ಲ. ಆದರೂ ಗೊತ್ತಿದ್ದವನಂತೆ ಸೂರ್ಯನನ್ನು ನೋಡಿದೆ, ದೂರದ ಊರನ್ನು ನೋಡಿದೆ, ಗಂಭೀರವಾಗಿ ಹೆಜ್ಜೆ ಹಾಕುತ್ತ ಗರಸಿನ ತೆಂಕಣ ಅಂಚಿಗೆ ಬಂದು ನಿಂತೆ. ಅಲ್ಲಿಂದ ಎಡಕ್ಕೆ ಒಂದು ಮಾರು ಸರಿದರೆ ಅಂಚು ದಾಟುತ್ತದೆ. ಅಲ್ಲಿ ಅಕ್ಕನಿಗಾಗಿ ಅಗೆಯಬಹುದು.

"ಇಲ್ಲಿ."

"ಇಷ್ಟ ಈ ಕಡಿಗೆ?"

"ಹೂಂ."

"ಗಿಡದ ನೆರಳ ಬೀಳತಿತ್ತಲ್ಲೋ ಅವರ ಮ್ಯಾಲ."

"ಮುಂಜಾನೆ ಬೀಳತಿತ್ತು."

"ಖರೇ ಹೇಳಾಕತ್ತೀಯಾ?"

"ಖರೇ."

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬುಟ್ಟಿ ತಂದು, ನಾನು ತೋರಿಸಿದ ಕಡೆ ಎಡೆ ಇಟ್ಟಳು. ನಂಬಿದಳೋ, ನಂಬಿದ್ದೇನೆಂದು ನನಗೆ ತೋರಿಸಿದಳೋ, ಕೇಳುವ ಧೈರ್ಯ ನನಗಾಗಲಿಲ್ಲ. ಅಂದು ಯಾರೂ ಸರಿಯಾಗಿ ಉಣ್ಣಲಿಲ್ಲ.

ಮಳೆಗಾಲಕ್ಕೆ ಮುಂಚೆ ಅವಳು ತೀರಿಕೊಂಡಳು. ಎಲ್ಲಿ ಅಗೆಯಬೇಕೆಂದು ಮಂದಿ ಕೇಳಿದಾಗ ಅವಳ ಮಗ, "ಮಾಮಾರು ತೋರಸ್ಯಾರ" ಎಂದ. ಅಂಚಿನಾಚೆ ಅಗೆದರು. ಮಡ್ಡಿ ನೆಲ, ಹಾರೆ ಕಲ್ಲಿಗೆ ಬಡಿದು ಕಿಡಿ ಹಾರುತ್ತಿತ್ತು. ಪಕ್ಕದಲ್ಲಿ ಭಾವನ ಗುರುತು ಏನಾದರೂ ಸಿಕ್ಕೀತೇ ಎಂದು ನಾನು ಕುಣಿಯ ಬಾಯಲ್ಲೇ ನಿಂತಿದ್ದೆ. ಕಲ್ಲು ಸಿಕ್ಕಿತು, ಸುಣ್ಣದಂಥ ಬಿಳಿ ಮಣ್ಣು ಸಿಕ್ಕಿತು. ಬೇರೇನೂ ಇಲ್ಲ.

ಮಗ ಆಮೇಲೆ ಅಲ್ಲಿ ಎರಡು ಕಲ್ಲು ನಿಲ್ಲಿಸಿದ್ದಾನೆ. ಅಪ್ಪನದು ಗರಸಿನ ಅಂಚಿನಲ್ಲಿ, ಅವ್ವನದು ಆಚೆ. ನೋಡಿದವರು ಗಂಡಹೆಂಡತಿ ಕೊನೆಗೂ ಒಂದೇ ಕಡೆ ಕೂಡಿದರು ಎನ್ನುತ್ತಾರೆ. ಈ ವರ್ಷದ ಅಮಾವಾಸ್ಯೆಗೆ ಹೋಗಿದ್ದೆ. ಮೊಮ್ಮಕ್ಕಳು ಎರಡೂ ಕಲ್ಲಿಗೆ ಎಡೆ ಇಟ್ಟು ಕೈಮುಗಿದರು. ನಾನು ಅಕ್ಕನ ಕಲ್ಲಿಗೆ ಮಾತ್ರ ಮುಗಿದೆ. ಆಮೇಲೆ, ಯಾರೂ ನೋಡದಾಗ, ಗರಸಿನ ಆ ಇಡೀ ಬಯಲಿಗೆ ಕೈಯೆತ್ತಿ ಮುಗಿದೆ.