ಗೇರಿಗೆ ಭಂಡಾರ ಹಚ್ಚಿದ ಮಾವ

ಮಾವನ ಎಡಗೈ ಅಂಗೈಯಲ್ಲಿ ರೂಪಾಯಿಯಗಲದ ಜಡ್ಡು ಇತ್ತು. ಕಾರಿನ ಗೇರಿನ ಗುಂಡು ಹಿಡಿದು ಹಿಡಿದು ಕಟ್ಟಿದ್ದು. ಊಟಕ್ಕೆ ಕೂತಾಗಲೂ ಆ ಕೈ ಸುಮ್ಮನಿರುತ್ತಿರಲಿಲ್ಲ, ಮೊಣಕಾಲನ್ನೇ ಗೇರೆಂದು ಹಿಡಿದು ಅಲ್ಲಾಡಿಸುತ್ತಿತ್ತು. ಎರಡು ತುತ್ತು ತಿಂದು ಎದ್ದು, ಹೊರಗೆ ನಿಂತ ಗಾಡಿ ನೋಡಿ ಬಂದು, ಮತ್ತೆ ಎರಡು ತುತ್ತು.

"ಕುಂಡ್ರೋ ತಮ್ಮಾ, ಅನ್ನ ಎದ್ದು ಓಡಿಹೋಗ್ತೈತೇನು?" ಎಂದು ಅವ್ವ ಬೈಯುತ್ತಿದ್ದಳು.

ಅವನು ಅವ್ವನ ಬೆನ್ನಿಗೆ ಬಿದ್ದ ತಮ್ಮ. ಮಕ್ತಲ್‌ನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದ. ತೆಲಂಗಾಣ ರಾಜ್ಯ ಆಗಿ ಕೆಲವು ವರ್ಷಗಳಾಗಿದ್ದವು, ಆಗಲೇ ಅವ್ವನ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆರಡು ಸಲ ಹೊಳೆ ದಾಟಿ ರಾಯಚೂರಿಗೆ ಹೋಗಿ ರಕ್ತ ಶುದ್ಧ ಮಾಡಿಸಬೇಕು. ಬಸ್ಸಿನಲ್ಲಿ ಕೂರುವ ಶಕ್ತಿ ಅವಳಿಗಿರಲಿಲ್ಲ. ಮಾವನೇ ಕರೆದೊಯ್ಯುತ್ತಿದ್ದ. ಆದರೆ ಅವ್ವನೋ ದಾರಿಯುದ್ದಕ್ಕೂ ಗಾಡಿಯ ಎಣ್ಣೆ ತೋರಿಸುವ ಮುಳ್ಳನ್ನೇ ನೋಡುವವಳು. ಒಂದು ವಾರ ಹಟ ಹಿಡಿದು ಕೂತೇಬಿಟ್ಟಳು. "ತಮ್ಮನ ಎಣ್ಣಿ ಸುಟ್ಟು ನಾ ಬದಕಂಗಿಲ್ಲ." ಸಂಜೆಗೆಲ್ಲ ಮೈ ಊದಿ ಉಸಿರು ಸಿಗದಾಯಿತು. ಆಸ್ಪತ್ರೆಯ ಡಾಕ್ಟರು, ಇನ್ನೊಮ್ಮೆ ತಪ್ಪಿಸಿದರೆ ನನ್ನನ್ನು ಕೇಳಬೇಡಿ ಎಂದರು.

ಅಂದಿನಿಂದ ಮಾವ ನಿಂತಲ್ಲಿ ನಿಲ್ಲಲಿಲ್ಲ. ಎಣ್ಣೆ ಕಡಿಮೆ ಕುಡಿಯುವ ಗಾಡಿ ಬೇಕು, ಅಕ್ಕ ಬಾಯಿ ಮುಚ್ಚಿಕೊಂಡು ಹತ್ತಬೇಕು, ಅಷ್ಟೇ. ಹೈಬ್ರಿಡ್ ಎಂಬುದನ್ನು ಎಲ್ಲೋ ಕೇಳಿಕೊಂಡು ಬಂದ. ಅದರಲ್ಲೂ ಎರಡು ಜಾತಿ. ಒಂದು ಪೆಟ್ರೋಲು ಕುಡಿದು, ಇಳಿಜಾರಿನಲ್ಲಿ, ಬ್ರೇಕಿನಲ್ಲಿ ತನ್ನ ಬ್ಯಾಟರಿ ತಾನೇ ತುಂಬಿಕೊಳ್ಳುವುದು. ಇನ್ನೊಂದು, ಮನೆಯಲ್ಲಿ ವೈರು ಚುಚ್ಚಿ ಚಾರ್ಜ್ ಮಾಡುವ ಪ್ಲಗ್-ಇನ್. ಫೋನು ಹಿಡಿದು ಲೆಕ್ಕ ಹಾಕುವ ಕೆಲಸ ಅಕ್ಕನ ಮಗಳಾದ ನನ್ನ ತಲೆಗೆ. ಓಡಿಸುವ ಖರ್ಚಿನಲ್ಲಿ ಪ್ಲಗ್-ಇನ್ ಗೆಲ್ಲುತ್ತಿತ್ತು. ರಾಯಚೂರು ಮುಟ್ಟುವವರೆಗೆ ಬರೀ ಕರೆಂಟು, ಬರುವಾಗ ಮಾತ್ರ ಪೆಟ್ರೋಲು. ಕೊಳ್ಳುವ ಬೆಲೆಯಲ್ಲಿ ಸೋಲುತ್ತಿತ್ತು. ಚಾರ್ಜು ತಪ್ಪಿದ ದಿನವಂತೂ ಅಷ್ಟು ಭಾರದ ಬ್ಯಾಟರಿಯನ್ನು ಸುಮ್ಮನೆ ಹೊತ್ತು ತಿರುಗಬೇಕು.

"ಮತ್ತೊಮ್ಮಿ ಹೇಳವ್ವ" ಎನ್ನುತ್ತಿದ್ದ. ಹೇಳಿ ಮುಗಿಸುವುದರೊಳಗೆ ಎದ್ದು ಹೋಗಿರುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಗದ್ವಾಲದ ಹತ್ತಿ ವ್ಯಾಪಾರಿಯೊಬ್ಬರು ಪ್ಲಗ್-ಇನ್ ಕಾರು ತಂದಿದ್ದಾರೆಂದು ತಿಳಿದು ಅಲ್ಲಿಗೂ ಹೋದ. ನನ್ನನ್ನೂ ಎಳೆದುಕೊಂಡು. ಅವರ ಅಂಗಳದಲ್ಲಿ ಚಾರ್ಜಿಗೆ ಹಾಕಿದ ಕಾರಿನ ಎದುರು ಕುಕ್ಕರಗಾಲಲ್ಲಿ ಕೂತವನು ಮಧ್ಯಾಹ್ನವಾದರೂ ಏಳಲೊಲ್ಲ. ಜೀವಮಾನದಲ್ಲಿ ಅವನು ಅಷ್ಟು ಹೊತ್ತು ಕೂತದ್ದು ನಾನು ನೋಡಿದ್ದು ಅದೊಂದೇ ಸಲ.

"ಏನ್ರಿ, ಎಮ್ಮಿ ಈಯೋದು ಕಾಯ್ದಂಗ ಕಾಯಾಕ ಹತ್ತೀರಲ್ಲ" ಎಂದು ವ್ಯಾಪಾರಿ ನಕ್ಕರು.

"ನಡುವ ಕರೆಂಟ್ ಹೋಗ್ತೈತೇನೋ ನೋಡಾಕ ಕುಂತೀನ್ರಿ."

ಕರೆಂಟು ಹೋಗಲಿಲ್ಲ. ಆದರೂ ಮಾವನ ಮನಸ್ಸು ಒಪ್ಪಲಿಲ್ಲ. ಹರೆಯದಲ್ಲಿ ಕರೆಂಟು ಬಂದಾಗ ನೀರು ಹಾಯಿಸಲೆಂದು ಮೋಟರಿನ ಪಕ್ಕವೇ ಮಲಗಿ ಬೆಳೆದವನು. "ರಾಜ್ಯ ಬಂತು, ಕರೆಂಟೂ ಬಂತು. ಖರೆ ಐತಿ. ಆದ್ರ ಅಕ್ಕನ ಜೀವ ಅದರ ಮ್ಯಾಲ ಇಡಾಕ ಧೈರ್ಯ ಸಾಲವಲ್ದು" ಎಂದ. ತನ್ನ ಗಾಡಿ ಮಾರಿ, ಹೈದರಾಬಾದಿನಿಂದ ವೈರು ಬೇಡದ ಹಳೆಯ ಹೈಬ್ರಿಡ್ ಒಂದನ್ನು ತಂದ.

ಮೊದಲ ದಿನ ಕಾರು ಸಪ್ಪಳವಿಲ್ಲದೆ ಹೊರಟಾಗ ಅವ್ವ ಬೆರಗಾದಳು. "ಸಪ್ಪಳಿಲ್ಲಂದ್ರ ಎಣ್ಣಿ ಹತ್ತಂಗಿಲ್ಲಕ್ಕ" ಎಂದ ಮಾವ. ಅಲ್ಲೇ ಸಿಕ್ಕಿಬಿದ್ದ. ಇಂಜಿನ್ ಗುರ್ ಎಂದರೆ ಸಾಕು, ಅವ್ವನ ಮುಖ ಬಾಡುತ್ತಿತ್ತು. ದಿನ ಹೋದಂತೆ ಸಪ್ಪಳ ಹೆಚ್ಚಾಯಿತು, ಎಣ್ಣೆಯೂ ಲೆಕ್ಕ ಮೀರಿತು. ಅವ್ವ ಮತ್ತೆ "ಮುಂದಿನ ವಾರ ಬ್ಯಾಡ" ಎಂದು ರಾಗ ತೆಗೆದಳು. ಗಾಬರಿಬಿದ್ದು ನಾನು ಕಾರು ಕೊಟ್ಟವರಿಗೆ ಫೋನು ಮಾಡಿದೆ. ಅಲ್ಲಿಯ ಹುಡುಗಿ ತೆಲುಗಿನಲ್ಲಿ ಕೇಳಿದ್ದು ಒಂದೇ ಮಾತು, ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುತ್ತಾರೇನು?

ಹಾಕದೆ ಇರುತ್ತಾನೆಯೇ! ಹೊಳೆಯ ಸೇತುವೆಗೆ ಇಳಿಯುವ ರಸ್ತೆಯಲ್ಲಿ ನ್ಯೂಟ್ರಲ್ ಮಾಡಿ ಗಾಡಿ ಬಿಡುವುದು, ಎಣ್ಣೆ ಉಳಿಸುವುದು, ನಮ್ಮ ಕಡೆಯ ಡ್ರೈವರುಗಳೆಲ್ಲರ ಚಾಳಿ. ಹೈಬ್ರಿಡ್‌ನಲ್ಲಿ ಹಾಗೆ ಮಾಡಿದರೆ ಬ್ಯಾಟರಿ ತುಂಬುವುದೇ ಇಲ್ಲವಂತೆ. ಮಾವ ತನ್ನ ಎಡಗೈಯನ್ನೇ ನೋಡುತ್ತ ನಿಂತ. "ಹಾಳಾದ ಕೈ, ಉಳಸ್ತೈತಿ ಅಂದ್ಕೊಂಡಿದ್ನಲ್ಲ" ಎಂದ.

ಬುದ್ಧಿಗೆ ತಿಳಿದರೂ ಕೈ ಕೇಳಬೇಕಲ್ಲ. ಇಳಿಜಾರು ಬಂದರೆ ತಾನಾಗಿ ಹೋಗುತ್ತಿತ್ತು. ತೊಡೆಯ ಕೆಳಗೆ ಒತ್ತಿಟ್ಟು ನೋಡಿದ, ಆಗಲಿಲ್ಲ. ಕಡೆಗೊಂದು ಭಾನುವಾರ ಮೈಲಾರಲಿಂಗನ ಪೂಜೆ ಮುಗಿಸಿ, ಆ ಅರಿಸಿನದ ಭಂಡಾರವನ್ನು ತಂದು ಗೇರಿನ ಗುಂಡಿಗೆ ಬಳಿದ. "ಈಗ ಇದು ದೇವರಾತು. ದೇವರನ್ನ ಸುಮ್ಮ ಸುಮ್ಮನ ಹಿಡಿದು ಅಲ್ಲಾಡಸಾಕ ಬರಂಗಿಲ್ಲ." ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಆದರೆ ಕೈ ನಿಂತಿತು. ಕಾರಿನ ಸಪ್ಪಳ ಇಳಿಯಿತು. ಅವ್ವ ವಾರ ತಪ್ಪಿಸಲಿಲ್ಲ. ಹಾಗೆ ಮೂರು ವರ್ಷ ನನಗೆ ನನ್ನ ಅವ್ವ ಉಳಿದಳು.

ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಮಾವ ಊಟದ ನಡುವೆ ಎದ್ದು ಹೊರಗೆ ಹೋದ. ಅವನ ಚಾಳಿ ಅದು, ಯಾರೂ ತಲೆಯೆತ್ತಿ ನೋಡಲಿಲ್ಲ. ಅನ್ನ ಆರಿದ ಮೇಲೆ ಕರೆಯಲು ಹೋದೆ. ಕಾರಿಗೆ ಒರಗಿ ಕೂತಿದ್ದ. ಎದೆಬಡಿತ ನಿಂತುಹೋಗಿತ್ತು. ಆ ಎಡಗೈ ಮೊಣಕಾಲ ಮೇಲೆ ಸುಮ್ಮನೆ ಇತ್ತು. ಅದು ಸುಮ್ಮನಿದ್ದದ್ದನ್ನು ನೋಡಿಯೇ ನಾನು ಚೀರಿದೆ.

ಮಣ್ಣು ಮಾಡಿ ಬಂದ ಮೇಲೆ ಅವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆಸ್ಪತ್ರೆಯ ದಿನ ಬಂತು. ಮಾವ ಓಡಿಸಲು ಕಲಿಸಿದ್ದ ಕಾರನ್ನು ನಾನೇ ಹೊರತೆಗೆದು ಕರೆದೆ, ಕೈ ಮುಗಿದೆ, ಅತ್ತುಬಿಟ್ಟೆ. ಅವಳು ಮಿಸುಕಲಿಲ್ಲ. ಸೋತು ಬಂದು ಕಾರಿನಲ್ಲಿ ಕೂತೆ. ಗೇರಿನ ಗುಂಡಿನ ಅರಿಸಿನ ಅರ್ಧ ಮಾಸಿಹೋಗಿತ್ತು.

ಎಷ್ಟೋ ಹೊತ್ತಿಗೆ ಆಚೆ ಬಾಗಿಲು ತೆರೆಯಿತು. ಅವ್ವ ಏದುಸಿರು ಬಿಡುತ್ತ ಹತ್ತಿ ಕೂತಳು. ಸೆರಗಿನ ಗಂಟು ಬಿಚ್ಚಿ, ಚಿಟಿಕೆ ಭಂಡಾರ ತೆಗೆದು, ಗುಂಡಿನ ಸುತ್ತ ನಿಧಾನವಾಗಿ ಹಚ್ಚಿದಳು.

"ನಡಿ, ಹೊತ್ತಾತು" ಎಂದಳು. "ಇಳಿಜಾರಿನಾಗ ಇದನ್ನ ಮುಟ್ಟಬ್ಯಾಡವ್ವ."